ಮೀಸೆ ಮಾಮನ ಬಲಗೈ

ಜೂನ್ ೩, ಸೋಮವಾರ

ಮಾನ ಹರಾಜಾಯಿತು. ಅದೂ ನಾಲ್ಕು ರಸ್ತೆ ಕೂಡುವಲ್ಲಿ, ನಲವತ್ತು ಅಡಿ ಎತ್ತರದಲ್ಲಿ.

ಬಸ್ ನಿಲ್ದಾಣದ ವೃತ್ತದಲ್ಲಿ ಎರಡು ಹೋರ್ಡಿಂಗ್‌ಗಳು ಎದುರುಬದುರಾಗಿ ನಿಂತಿವೆ. ಎರಡೂ ನಮ್ಮ ಜಾಹೀರಾತು ಆಫೀಸಿನಲ್ಲಿ ತಯಾರಾದವು, ಎರಡಕ್ಕೂ ಫೋಟೋ ಆರಿಸಿದವಳು ನಾನು. ಒಂದರಲ್ಲಿ ದಪ್ಪ ಬಿಳಿ ಮೀಸೆಯ ಹಿರಿಯರೊಬ್ಬರು ಸೇಬು ಕಚ್ಚುತ್ತಿದ್ದಾರೆ. ಅದು ದಂತ ಚಿಕಿತ್ಸಾಲಯದ್ದು: ‘ಮತ್ತೆ ಕಚ್ಚಿ, ಮತ್ತೆ ನಗಿ.’ ಇನ್ನೊಂದರಲ್ಲಿ ಅದೇ ಹಿರಿಯರು ಕಿಟಕಿಯಾಚೆ ನೋಡುತ್ತ ಕುಳಿತಿದ್ದಾರೆ. ಅದು ಜೀವವಿಮೆಯದ್ದು: ‘ಅವರಿಲ್ಲದ ದಿನವೂ ಅವರದೇ ಆಸರೆ.’ ಯಾರೋ ಪುಣ್ಯಾತ್ಮರು ಎರಡನ್ನೂ ಒಟ್ಟಿಗೆ ಮೊಬೈಲಿನಲ್ಲಿ ಹಿಡಿದು, ‘ಹಲ್ಲು ಕಟ್ಟಿಸಿಕೊಂಡ ವಾರಕ್ಕೇ ಹೋಗಿಬಿಟ್ಟರಾ, ಪಾಪ’ ಎಂದು ಬರೆದು ಊರಿಗೆಲ್ಲ ಹಂಚಿದ್ದಾರೆ.

ನಾನು ಯಾಕೆ ಗುರುತು ಹಿಡಿಯಲಿಲ್ಲ ಎಂದರೆ, ವಿಮೆಯ ಫೋಟೋವನ್ನು ತಿರುಗಿಸಿದ್ದೆವು. ಫೋಟೋದಲ್ಲಿರುವವರು ಅಕ್ಷರಗಳ ಕಡೆಗೇ ನೋಡುತ್ತಿರಬೇಕು, ಹೊರಗೆ ನೋಡಿದರೆ ಓದುವವರ ಕಣ್ಣೂ ಹೊರಗೇ ಹೋಗುತ್ತದೆ. ಅದಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಿಸುವುದು ನಮ್ಮ ಕಸುಬಿನಲ್ಲಿ ದಿನಾ ಇದ್ದದ್ದೇ. ತಿರುಗಿಸಿದ ಕೂಡಲೇ ಕೆನ್ನೆಯ ಮಚ್ಚೆ ಆಚೆಯಿಂದ ಈಚೆಗೆ ಬಂತು, ಬೈತಲೆ ಬದಲಾಯಿತು, ಮುಖ ಬೇರೆಯವರದಾಯಿತು. ನಾನು ಬೇಸ್ತು ಬಿದ್ದೆ.

ಯಜಮಾನರು ಕೂಗಾಡಲಿಲ್ಲ. ಅದೇ ಹೆದರಿಕೆ.

"ಹದಿನಾಲ್ಕು ವರ್ಷದಿಂದ ಮುಖ ನೋಡೋದೇ ನಿಮ್ಮ ಕೆಲಸ. ಒಂದು ಮುಖ ನೆನಪಿಟ್ಟುಕೊಳ್ಳೋಕೆ ಆಗಲ್ವಾ?" ಎಂದರು. "ಕೈ ಕ್ಲಿನಿಕ್‌ನ ಬ್ರೋಷರ್ ಇಪ್ಪತ್ತೊಂದಕ್ಕೆ ಅಚ್ಚಿಗೆ ಹೋಗಬೇಕು. ಅದನ್ನ ಸರಿಯಾಗಿ ಮಾಡಿ. ಅದೂ ಕೆಟ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ."

ಜೊತೆಗೊಂದು ಕಟ್ಟಪ್ಪಣೆ: ಇನ್ನು ಮೇಲೆ ಒಂದು ಮುಖ ಒಂದೇ ಸಲ. ಮೀಸೆಯವರನ್ನಂತೂ ಈ ಆಫೀಸಿನ ಹೊಸ್ತಿಲು ದಾಟಿಸುವ ಹಾಗೇ ಇಲ್ಲ.

ಪಕ್ಕದ ಮೇಜಿನಲ್ಲಿ ಪುಟ ಕಟ್ಟುವವನನ್ನು ನಾವೆಲ್ಲ ಅಕ್ಷರಣ್ಣ ಎನ್ನುತ್ತೇವೆ. ಅವನು ಮೆಲ್ಲಗೆ, "ತಿರುಗಿಸಿದ್ದು ನಾನು, ಬೈಸಿಕೊಂಡಿದ್ದು ನೀನು. ಇವತ್ತಿನ ಟೀ ನಂದು," ಎಂದ. ಕುಡಿದೆ.

ಮನೆಯಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ, "ಕೆಲಸಕ್ಕೇನೂ ತೊಂದರೆ ಇಲ್ಲ ತಾನೆ?" ಎಂದಳು. ಇದೆ ಎಂದೆ.

ಜೂನ್ ೪, ಮಂಗಳವಾರ

ನನ್ನ ಮಾನ ಕಳೆದ ಮನುಷ್ಯ ಯಾರು ಎಂದು ನೋಡಬೇಕೆನ್ನಿಸಿತು. ನಾವು ಫೋಟೋ ಕೊಳ್ಳುವ ಸೈಟಿನಲ್ಲಿ ‘ಇದೇ ವ್ಯಕ್ತಿಯ ಇನ್ನಷ್ಟು ಚಿತ್ರಗಳು’ ಎಂದು ಒಂದು ಗುಂಡಿ ಇರುತ್ತದೆ. ಇಷ್ಟು ವರ್ಷ ಅದನ್ನು ಒತ್ತುವ ಪುರುಸೊತ್ತೇ ಸಿಕ್ಕಿರಲಿಲ್ಲ.

ಅರವತ್ತಮೂರು ಫೋಟೋ! ಮೊಮ್ಮಗಳನ್ನು ಎತ್ತಿ ಆಡಿಸುವ ಅಜ್ಜ, ಚದುರಂಗದ ಅಜ್ಜ, ಗಿಡಕ್ಕೆ ನೀರು ಹಾಕುವ ಅಜ್ಜ, ಲ್ಯಾಪ್‌ಟಾಪ್ ಕಂಡು ಬೆರಗಾದ ಅಜ್ಜ. ಮೊಮ್ಮಗಳು ಪ್ರತಿ ಸಲ ಬೇರೆ, ಹೆಂಡತಿ ನಾಲ್ಕು ಜನ. ಹಳೆಯ ಫೋಟೋಗಳಲ್ಲಿ ಮೀಸೆ ಬೂದು, ಈಚಿನವುಗಳಲ್ಲಿ ಹಾಲು ಬಿಳಿ. ಹೆಸರು ಎಲ್ಲೂ ಇಲ್ಲ. ಹುಡುಕುವವರಿಗೆ ಸಿಗಲೆಂದು ಹಾಕಿದ ಪದಗಳು ಮಾತ್ರ: ಹಿರಿಯ, ಪುರುಷ, ಸಂತೃಪ್ತ, ಬಿಳಿ ಮೀಸೆ. ಎಷ್ಟೆಂದರೂ ಅರವತ್ತಮೂರು ಸಲ ನೋಡಿದವರು ನೆಂಟರಾಗಿಬಿಡುತ್ತಾರೆ. ಮೀಸೆ ಮಾಮ ಎಂದು ಹೆಸರಿಟ್ಟೆ.

ನನ್ನ ಫೋಟೋಕ್ಕೆ ಯಾರಾದರೂ ಪದ ಹಾಕಿದರೆ ಏನು ಹಾಕಬಹುದು? ಮಹಿಳೆ, ನಡುವಯಸ್ಸು, ಕನ್ನಡಕ, ಅಂಗಿಗೆ ಸೇಫ್ಟಿ ಪಿನ್. ನೀಲಿ ಅಂಗಿಯ ಮೂರನೇ ಗುಂಡಿ ಬಿದ್ದು ತಿಂಗಳಾಗುತ್ತ ಬಂತು. ಅಕ್ಕ ಮೂವತ್ತು ವರ್ಷದಿಂದ ದರ್ಜಿ, ಮುಂಗೋಣೆಯ ಕಿಟಕಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಾಳೆ. ತಂಗಿಯ ಅಂಗಿಗೆ ಪಿನ್ನು. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಕೇಳಿದರೆ, "ಹಾಕ್ತೀನಿ ಬಿಡೇ, ಗುಂಡಿ ಎಲ್ಲಿಗೆ ಓಡಿಹೋಗತ್ತೆ," ಎನ್ನುತ್ತಾಳೆ.

ಜೂನ್ ೭, ಶುಕ್ರವಾರ

ಕೈ ಡಾಕ್ಟರು ಬಂದಿದ್ದರು. ಗಿಡ್ಡ ಕೂದಲು, ಸಣ್ಣ ದೇಹ, ದೊಡ್ಡ ದನಿ. ಕೈಗಳಿಗೆ ಮಾತ್ರ ಚಿಕಿತ್ಸೆ ಕೊಡುತ್ತಾರಂತೆ, ಮೊಣಕೈಯಿಂದ ಮೇಲಿನದು ಅವರಿಗೆ ಸಂಬಂಧವೇ ಇಲ್ಲ. ನನ್ನ ಕೈ ಕುಲುಕಲಿಲ್ಲ, ಹಿಡಿದು ಹೆಬ್ಬೆರಳ ಬುಡ ಒತ್ತಿ ನೋಡಿ, "ಮೌಸ್ ಜಾಸ್ತಿ ಹಿಡೀತೀರಿ," ಎಂದರು.

ಮುಖಪುಟಕ್ಕೆಂದು ಹನ್ನೆರಡು ಫೋಟೋ ತೋರಿಸಿದೆ. ರಬ್ಬರ್ ಚೆಂಡು ಹಿಸುಕುತ್ತ ನಗುವವರು, ಪಟ್ಟಿ ಎಳೆಯುತ್ತ ನಗುವವರು, ವೈದ್ಯರ ಮುಖ ನೋಡಿ ನಗುವವರು.

"ಇವರಿಗೆಲ್ಲ ಏನಾಗಿದೆ?" ಎಂದರು ಡಾಕ್ಟರು.

"ರೋಗಿಗಳು. ಗುಣವಾಗ್ತಾ ಇರೋರು."

"ಇವರ ಕೈ ನನ್ನ ಕೈಗಿಂತ ಚೆನ್ನಾಗಿದೆ. ನನ್ನ ಹತ್ರ ಯಾಕೆ ಬರ್ತಾರೆ? ಹಲ್ಲು ನೋಡಿದ್ರೆ ಹಲ್ಲಿನ ಡಾಕ್ಟರ ಹತ್ರಾನೂ ಹೋಗಬೇಕಾಗಿಲ್ಲ."

ಹಲ್ಲು ಎಂದದ್ದೇ ಯಜಮಾನರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮನೆಗೆ ಬಂದರೆ ಇನ್ನೊಂದು. ಉಪ್ಪಿನ ಡಬ್ಬ ಎತ್ತಿದೆ, ಮುಚ್ಚಳ ಮಾತ್ರ ಕೈಗೆ ಬಂತು, ಉಪ್ಪೆಲ್ಲ ನೆಲಕ್ಕೆ. ಅಕ್ಕ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟಿದ್ದಳು, ತಿರುವಿಯೇ ಇರಲಿಲ್ಲ. ಆಫೀಸಿನ ಸಿಟ್ಟನ್ನೂ ಸೇರಿಸಿ ಕೂಗಾಡಿದೆ. ಅವಳು ಪೊರಕೆ ತಂದು ಗುಡಿಸಿದಳು.

ಜೂನ್ ೯, ಭಾನುವಾರ

ಕಾಜಾ ಹಾಕುವ ಕೆಲಸವನ್ನೆಲ್ಲ ಅಕ್ಕ ಎದುರು ಮನೆಯಾಕೆಗೆ ಕೊಟ್ಟುಬಿಟ್ಟಿದ್ದಾಳೆ. ಗುಂಡಿ ತೂರುವ ಆ ರಂಧ್ರದ ಸುತ್ತ ಒತ್ತಾಗಿ ದಾರ ಸುತ್ತುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. "ಕಣ್ಣು ಸೂಕ್ಷ್ಮ ಹಿಡಿಯಲ್ಲ ಕಣೇ, ವಯಸ್ಸಾಯ್ತು." ಐವತ್ತೆರಡೂ ಒಂದು ವಯಸ್ಸೇ? ಸೋಮಾರಿತನಕ್ಕೆ ಕನ್ನಡಕ ಹಾಕಿಸಬೇಕು.

ಟೀಯನ್ನೂ ಈಗ ಅರ್ಧ ಲೋಟ ಮಾತ್ರ ಹಾಕಿಕೊಳ್ಳುತ್ತಾಳೆ, ಕಡಿಮೆ ಮಾಡಬೇಕಂತೆ. ಅದು ಮುಗಿದ ಮೇಲೆ ಇನ್ನೊಂದು ಅರ್ಧ.

ಜೂನ್ ೧೧, ಮಂಗಳವಾರ

ನಗುವವರು ಬೇಡವಾದರೆ ಅಳುವವರು ಎಂದು ತಲೆ ಮೇಲೆ ಕೈ ಹೊತ್ತವರ, ಮಣಿಕಟ್ಟು ಹಿಡಿದು ಮುಖ ಕಿವುಚಿದವರ ಹದಿನೈದು ಫೋಟೋ ಒಯ್ದೆ. ಈ ಸಲ ಕ್ಲಿನಿಕ್‌ಗೇ ಕರೆದಿದ್ದರು. ಕಾಯುವ ಕೋಣೆಯಲ್ಲಿ ಆರೇಳು ಜನ. ಯಾರೂ ಅಳುತ್ತಿರಲಿಲ್ಲ. ಒಬ್ಬರು ಪತ್ರಿಕೆ ಓದುತ್ತಿದ್ದರು, ಆದರೆ ಪುಟ ತಿರುಗಿಸುತ್ತಿರಲಿಲ್ಲ.

ಡಾಕ್ಟರು ಫೋಟೋಗಳನ್ನು ಇಸ್ಪೀಟಿನೆಲೆಗಳ ಹಾಗೆ ಸರಿಸಿಬಿಟ್ಟರು.

"ನೋಡಿ, ನನ್ನ ಹತ್ರ ಬರೋರು ಅಳಲ್ಲ. ಸುಳ್ಳು ಹೇಳ್ತಾರೆ. ಏನೂ ಇಲ್ಲ ಡಾಕ್ಟ್ರೇ, ಸ್ವಲ್ಪ ಜೋಮು ಅಂತಾರೆ. ಎಷ್ಟು ದಿನದಿಂದ ಅಂದ್ರೆ ಹೋದ ವಾರದಿಂದ ಅಂತಾರೆ. ಕೈ ಮುಟ್ಟಿದ್ರೆ ನಂಗೆ ಗೊತ್ತಾಗತ್ತೆ, ಆರು ತಿಂಗಳು ಮುಚ್ಚಿಟ್ಟಿರ್ತಾರೆ. ಅಷ್ಟರಲ್ಲಿ ನರ ಒಣಗಿರತ್ತೆ, ನಾನೇನು ಮಾಡಲಿ? ಆ ಆರು ತಿಂಗಳು ನನಗೆ ಬೇಕು. ಅದನ್ನ ತಂದುಕೊಡೋ ಫೋಟೋ ಹುಡುಕಿ."

ಹದಿನಾಲ್ಕು ವರ್ಷದಲ್ಲಿ ನನಗೆ ‘ಖುಷಿಯಾಗಿರೋದು ಬೇಕು’ ಎಂದವರಿದ್ದಾರೆ, ‘ಹಸಿರು ಜಾಸ್ತಿ ಇರಲಿ’ ಎಂದವರಿದ್ದಾರೆ. ಆರು ತಿಂಗಳು ಬೇಕು ಎಂದವರು ಇವರೊಬ್ಬರೇ. ಹುಡುಕುವ ಪೆಟ್ಟಿಗೆಯಲ್ಲಿ ಏನೆಂದು ಬರೆಯಲಿ? ‘ಮುಚ್ಚಿಟ್ಟ ಕೈ’ ಎಂದು ಬರೆದರೆ ಜಾದೂಗಾರರು ಬಂದರು.

ಜೂನ್ ೧೨, ಬುಧವಾರ

ತಲೆ ಓಡದಿದ್ದಾಗ ಮೀಸೆ ಮಾಮನನ್ನು ನೋಡುವುದು ಅಭ್ಯಾಸವಾಗಿದೆ. ಇವತ್ತು ಒಂದು ವಿಚಿತ್ರ ಕಂಡಿತು.

ಮೀಸೆ ಬೂದಾಗಿದ್ದ ಕಾಲದ ನಲವತ್ತೊಂದು ಫೋಟೋಗಳಲ್ಲಿ ಮಾಮನ ಎರಡು ಕೈಯೂ ಕಾಣುತ್ತವೆ. ಮೀಸೆ ಬೆಳ್ಳಗಾದ ಮೇಲಿನ ಇಪ್ಪತ್ತೆರಡರಲ್ಲಿ ಒಂದೇ ಕೈ. ಇನ್ನೊಂದು ಮೇಜಿನ ಕೆಳಗಿದೆ, ಇಲ್ಲವೇ ಜೇಬಿನಲ್ಲಿ, ಮಗುವಿನ ಬೆನ್ನ ಹಿಂದೆ, ಪತ್ರಿಕೆಯ ಮರೆಯಲ್ಲಿ. ಸೇಬು ಕಚ್ಚುವಾಗಲೂ ಅಷ್ಟೆ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡು!

ಅಕ್ಷರಣ್ಣನಿಗೆ ತೋರಿಸಿದೆ. ಅವನು ಎರಡು ನಿಮಿಷ ನೋಡಿ, "ಇಲ್ಲಿ ಬಲಗೈ ಇಲ್ಲ, ಇಲ್ಲಿ ಎಡಗೈ ಇಲ್ಲ. ಒಂದೊಂದು ಸಲ ಒಂದೊಂದು ಕೈ ಕೆಡತ್ತಾ? ಸುಮ್ಮನೆ ಭಂಗಿ ಅಷ್ಟೆ. ಇಪ್ಪತ್ತೊಂದಕ್ಕೆ ಒಂಬತ್ತೇ ದಿನ," ಎಂದ. ಹೌದಲ್ಲ. ನನ್ನ ಉತ್ಸಾಹದ ಗಾಳಿ ಇಳಿಯಿತು.

ಜೂನ್ ೧೪, ಶುಕ್ರವಾರ

ಇವತ್ತಿನದು ಉದ್ದ ಬರೆಯಬೇಕು.

ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮಾಮನ ಫೋಟೋ ನೋಡುತ್ತಿದ್ದೆ. ಅಕ್ಕ ಟೀ ಲೋಟ ಹಿಡಿದು ನನ್ನ ಹಿಂದೆ ನಿಂತವಳು, "ಈ ಫೋಟೋ ಕನ್ನಡಿ ಮಾಡಿದ್ದು," ಎಂದಳು.

"ನಿಂಗೆ ಹೇಗೆ ಗೊತ್ತು?"

"ಅಂಗಿ ನೋಡೇ. ಗಂಡಸರ ಅಂಗಿಗೆ ಎಡಗಡೆ ಮಡಿ ಮೇಲೆ ಬರತ್ತೆ, ಗುಂಡಿ ಬಲಗಡೆ ಮಡಿಗಿರತ್ತೆ, ಜೇಬು ಎಡ ಎದೆಗೆ. ಇಲ್ಲಿ ಎಲ್ಲಾ ಉಲ್ಟಾ. ಯಾವ ದರ್ಜಿನೂ ಹೀಗೆ ಹೊಲಿಯಲ್ಲ, ಹೊಲಿದ್ರೆ ಏಟು ತಿಂತಾನೆ."

ತಿರುಗಿಸುವಾಗ ನಾವು ಅಕ್ಷರ ಉಲ್ಟಾ ಆಗಿದೆಯೇ ಎಂದು ಮಾತ್ರ ನೋಡುತ್ತೇವೆ. ಗುಂಡಿಯನ್ನು ಯಾರು ನೋಡುತ್ತಾರೆ? ಫೋಟೋ ಹಿಡಿದವರೂ ಅಕ್ಷರ ಎಡಕ್ಕಿದ್ದರೂ ಬಲಕ್ಕಿದ್ದರೂ ಮಾರಾಟವಾಗಲಿ ಎಂದು ಅರ್ಧದಷ್ಟನ್ನು ತಿರುಗಿಸಿಯೇ ಸೈಟಿಗೆ ಹಾಕಿದ್ದಾರೆ! ಇಪ್ಪತ್ತೆರಡನ್ನೂ ಒಂದೊಂದಾಗಿ ಗುಂಡಿ ನೋಡಿ, ಜೇಬು ನೋಡಿ, ಸರಿಯಾದ ದಿಕ್ಕಿಗೆ ತಂದೆ. ಅಂಗಿ ಕಾಣದ ಕಡೆ ಮಚ್ಚೆ, ಮಚ್ಚೆಯೂ ಕಾಣದ ಕಡೆ ಅದೇ ಕೋಣೆಯಲ್ಲಿ ತೆಗೆದ ಬೇರೆ ಫೋಟೋ ಸಹಾಯಕ್ಕೆ ಬಂತು. ಮುಗಿಸಿ ಮತ್ತೊಮ್ಮೆ ನೋಡಿದೆ. ಅಡಗಿರುವುದು ಪ್ರತಿ ಸಲವೂ ಬಲಗೈ.

"ಅಕ್ಕಾ! ಮಾಮನ ಬಲಗೈಗೆ ಏನೋ ಆಗಿದೆ! ಮುಚ್ಚಿಟ್ಟುಕೊಂಡೇ ದುಡೀತಿದಾನೆ. ಪ್ರಪಂಚದಲ್ಲಿ ಯಾರಿಗೂ ಗೊತ್ತಾಗಿಲ್ಲ, ನಂಗೆ ಗೊತ್ತಾಯ್ತು!"

"ಗೊತ್ತಾಗಿ ಏನು ಮಾಡ್ತೀಯ?"

"ಏನು ಮಾಡೋದು, ಕುತೂಹಲ ಅಷ್ಟೆ."

"ಅವನು ಕಷ್ಟಪಟ್ಟು ಮುಚ್ಚಿಟ್ಟಿದಾನೆ ಅಂದ್ರೆ ನೋಡದೇ ಇರೋದು ಮರ್ಯಾದೆ," ಎಂದು ಅಕ್ಕ ಲೋಟ ಅಲ್ಲೇ ಇಟ್ಟು ಒಳಗೆ ಹೋದಳು. ಲೋಟದಲ್ಲಿ ಟೀ ಹಾಗೇ ಇತ್ತು.

ಮೂರು ಹೊತ್ತೂ ಬಟ್ಟೆ ನೋಡಿ ನೋಡಿ ಅಕ್ಕನಿಗೆ ಮನುಷ್ಯರ ಬಗ್ಗೆ ಕುತೂಹಲವೇ ಹೋಗಿದೆ.

ಜೂನ್ ೧೫, ಶನಿವಾರ

ಅಕ್ಕನ ಮಾತು ಕಡಿಮೆ. ಸೂಜಿಗೆ ದಾರ ಪೋಣಿಸಿ ಕೊಡು ಎಂದಳು. ಐದು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟೆ.

ಜೂನ್ ೧೭, ಸೋಮವಾರ

ಬಸ್ಸಿನಲ್ಲಿ ನಿಂತಿದ್ದಾಗ ಎರಡೂ ಒಂದಕ್ಕೊಂದು ಕೂಡಿಕೊಂಡವು. ಡಾಕ್ಟರಿಗೆ ಬೇಕಾದದ್ದು ಮುಚ್ಚಿಟ್ಟವರ ಮುಖ. ಆ ಮುಖ ಹದಿನಾಲ್ಕು ದಿನದಿಂದ ನನ್ನ ಕಣ್ಣೆದುರೇ ಇದೆ. ಫೋಟೋ ಸಂಖ್ಯೆ ಐವತ್ತೆಂಟು: ಉಣ್ಣೆ ಸ್ವೆಟರ್ ತೊಟ್ಟ ಮಾಮ ಅಡುಗೆಮನೆಯ ಕಟ್ಟೆಗೆ ಒರಗಿದ್ದಾನೆ, ಒಂದು ಕೈಯಲ್ಲಿ ಲೋಟ, ಇನ್ನೊಂದು ಜೇಬಿನಲ್ಲಿ. ನಗುವೂ ಇಲ್ಲ, ಅಳುವೂ ಇಲ್ಲ. ಯಾರೋ ಈಗ ತಾನೇ ‘ಏನಾದರೂ ತೊಂದರೆಯೇ?’ ಎಂದು ಕೇಳಿ, ಅವನು ‘ಏನಿಲ್ಲಪ್ಪ’ ಎಂದ ಹಾಗಿದೆ.

ಅಕ್ಕ ಹೇಳಿದ ಮರ್ಯಾದೆಯ ಮಾತು ನೆನಪಾಗಿ ಸ್ವಲ್ಪ ಚುಚ್ಚಿತು. ಆದರೆ ಫೋಟೋ ಏನನ್ನೂ ಹೇಳಿಕೊಡುವುದಿಲ್ಲ. ಲೋಟ ಹಿಡಿದ ಒಬ್ಬ ಮನುಷ್ಯ, ಅಷ್ಟೆ. ಅರ್ಥವಾಗಬೇಕಾದವರಿಗೆ ಮಾತ್ರ ಅರ್ಥವಾಗುತ್ತದೆ.

ಯಜಮಾನರು ಫೋಟೋ ನೋಡಿ ಕುರ್ಚಿಯಿಂದ ಎದ್ದರು.

"ಇದೇ ಮುಖ? ಮತ್ತೆ? ತಲೆ ನೆಟ್ಟಗಿದೆಯಾ ನಿಮಗೆ? ಹಲ್ಲು ಕಟ್ಟಿಸಿಕೊಂಡು, ಸತ್ತು, ಈಗ ಕೈ ತೋರಿಸೋಕೆ ಬಂದ ಅಂತಾರೆ!"

"ಅನ್ನಲಿ ಸಾರ್. ಒಂದು ಸಲ ಡಾಕ್ಟರಿಗೆ ತೋರಿಸೋಣ."

"ಅವರು ಬೇಡ ಅಂದ್ರೆ?"

"ನೀವು ಹೇಳಿದ ಹಾಗೆ. ನನ್ನ ಜಾಗಕ್ಕೆ ಬೇರೆಯವರನ್ನ ನೋಡಿ."

ಹೇಳಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕನಿಗೆ ಹೇಳಲಿಲ್ಲ, ಸುಮ್ಮನೆ ಯಾಕೆ ಅವಳಿಗೂ ಚಿಂತೆ.

ಜೂನ್ ೧೯, ಬುಧವಾರ

ಗೆದ್ದೆ!

ಡಾಕ್ಟರು ಫೋಟೋ ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಯಜಮಾನರು ಎರಡು ಸಲ ಕೆಮ್ಮಿದರು.

"ಯಾರು ಇವರು?"

"ಗೊತ್ತಿಲ್ಲ ಮೇಡಂ."

"ನಂಗೊತ್ತು. ಇವರು ನನ್ನ ಬಾಗಿಲ ತನಕ ಬಂದು, ಬೋರ್ಡು ಓದಿ, ವಾಪಸ್ ಹೋಗೋರು." ಫೋಟೋ ಮೇಜಿನ ಮೇಲಿಟ್ಟು, "ಇದೇ ಇರಲಿ. ಕೆಳಗೆ ಒಂದೇ ಸಾಲು ಹಾಕಿ: ಆ ಕೈಯನ್ನೂ ತೋರಿಸಿ. ಸಾಕು," ಎಂದರು.

ಯಜಮಾನರು ಮೊದಲಿನಿಂದಲೂ ತಮಗೆ ಇದೇ ಇಷ್ಟವಿತ್ತು ಎನ್ನುವ ಮುಖ ಮಾಡಿದರು. ಹೊರಡುವಾಗ ಡಾಕ್ಟರು ನನಗೆ, "ಇಷ್ಟು ಚೆನ್ನಾಗಿ ನೋಡೋರು ಮನೇಲಿದ್ರೆ ಯಾರೂ ಆರು ತಿಂಗಳು ತಡ ಮಾಡಲ್ಲ ಬಿಡಿ," ಎಂದರು. ಹದಿನಾಲ್ಕು ವರ್ಷದಲ್ಲಿ ಇಂಥ ಹೊಗಳಿಕೆ ಕೇಳಿಲ್ಲ.

ಮನೆಗೆ ಓಡಿಬಂದು ಅಕ್ಕನಿಗೆ ಎಲ್ಲ ಹೇಳಿದೆ, ಈ ಮಾತನ್ನೂ ಹೇಳಿದೆ. ಅಕ್ಕ ನಕ್ಕಳು. "ಕೆಲಸ ಉಳೀತಲ್ಲ, ಸದ್ಯ," ಎಂದಳು.

ಜೂನ್ ೨೦, ಗುರುವಾರ

ಪ್ರೂಫ್ ಮನೆಗೆ ತಂದಿದ್ದೆ. ಅಕ್ಕ ಯಂತ್ರದ ಮುಂದೆ ಕುಳಿತು ಟೀ ಕುಡಿಯುತ್ತಿದ್ದಳು. ಮುಖಪುಟವನ್ನು ಅವಳೆದುರು ಹಿಡಿದೆ.

ನೋಡಿದಳು. ಮತ್ತೆ ನೋಡಿದಳು.

"ಇದನ್ನೂ ತಿರುಗಿಸಿದೀರಿ," ಎಂದಳು.

ಅಕ್ಷರಣ್ಣ ತಿರುಗಿಸಿದ್ದ ನಿಜ. ಮಾಮ ಅಕ್ಷರಗಳ ಕಡೆ ನೋಡಲಿ ಎಂದು. ಆದರೆ ಇದರಲ್ಲಿ ಮಾಮ ತೊಟ್ಟಿರುವುದು ಸ್ವೆಟರು. ಗುಂಡಿ ಇಲ್ಲ, ಜೇಬು ಪ್ಯಾಂಟಿನದು, ಮಚ್ಚೆಯ ಕಡೆ ನೆರಳು. ಸೈಟಿನ ಮೂಲ ಚಿತ್ರ ಪಕ್ಕದಲ್ಲಿರದೆ ನನಗೇ ಗೊತ್ತಾಗುತ್ತಿರಲಿಲ್ಲ.

"ಗುಂಡಿನೇ ಇಲ್ವಲ್ಲೇ. ಹೇಗೆ ಹೇಳಿದೆ?"

"ಲೋಟ ಹಿಡಿದಿರೋದು ನೋಡು. ಇಲ್ಲಿ ಬಲಗೈ ಥರ ಕಾಣತ್ತೆ, ಆದರೆ ಅದು ಎಡಗೈ. ಹೆಬ್ಬೆರಳು ಲೋಟದ ಅಂಚಿನ ಮೇಲಿದೆ. ಕಿರುಬೆರಳು ತಳಕ್ಕೆ ಆಸರೆ ಕೊಟ್ಟಿದೆ. ಹುಟ್ಟಿದಾಗಿಂದ ಲೋಟ ಹಿಡಿದ ಕೈ ಹೀಗೆ ಹಿಡಿಯಲ್ಲ. ಅದಕ್ಕೆ ತನ್ನ ಮೇಲೆ ನಂಬಿಕೆ ಇರತ್ತೆ. ಇದು ಈಗ ಕಲೀತಿರೋ ಕೈ. ಜಾರೀತು ಅಂತ ಭಯ."

ನಾನು ಫೋಟೋ ನೋಡಿದೆ. ಆಮೇಲೆ ಯಾಕೋ ಅಕ್ಕನ ಲೋಟ ನೋಡಿದೆ. ಎಡಗೈಯಲ್ಲಿತ್ತು. ಅರ್ಧ ಟೀ. ಹೆಬ್ಬೆರಳು ಅಂಚಿನ ಮೇಲೆ. ಕಿರುಬೆರಳು ತಳದಲ್ಲಿ.

ಅವಳ ಬಲಗೈ ಮಡಿಲಲ್ಲಿ, ಹೊಲಿಯಲು ಇಟ್ಟುಕೊಂಡಿದ್ದ ಬಟ್ಟೆಯ ಕೆಳಗಿತ್ತು.

"ಅಕ್ಕ, ಕೈ ತೋರಿಸು."

"ಏನಿಲ್ಲ ಕಣೇ. ಸ್ವಲ್ಪ ಜೋಮು."

"ತೋರಿಸು."

ಬಟ್ಟೆ ಸರಿಸಿದಳು. ಹೆಬ್ಬೆರಳ ಬುಡದ ಉಬ್ಬು ಬತ್ತಿಹೋಗಿತ್ತು, ಅಲ್ಲಿ ಗುಳಿ ಬಿದ್ದಿತ್ತು. ಒಂದು ಗುಂಡಿಯನ್ನು ಕೈಗಿಟ್ಟು ಹಿಡಿ ಎಂದೆ. ಹೆಬ್ಬೆರಳೂ ತೋರುಬೆರಳೂ ಹತ್ತಿರ ಬಂದವು, ಕೂಡಲಿಲ್ಲ. ಗುಂಡಿ ನೆಲಕ್ಕೆ ಬಿದ್ದು ಯಂತ್ರದ ಕೆಳಗೆ ಉರುಳಿತು.

"ಎಷ್ಟ್ ದಿನ ಆಯ್ತು?"

"ಎಂಟು ತಿಂಗಳು."

"ಯಾಕೆ ಹೇಳಲಿಲ್ಲ?"

"ಮೊದಲು ಶಾಲೆ ಬಟ್ಟೆ ಆರ್ಡರ್ ಇತ್ತು, ಮುಗಿಸಿ ಹೇಳೋಣ ಅಂದುಕೊಂಡೆ. ಆಮೇಲೆ ಹೇಳೋಕೆ ಭಯ ಆಯ್ತು. ಈ ಕೈ ಬಿಟ್ಟರೆ ನಂಗೆ ಬೇರೆ ಏನು ಬರತ್ತೆ ಹೇಳು? ಅಷ್ಟರಲ್ಲಿ ನಿನ್ನ ಹೋರ್ಡಿಂಗ್ ರಾದ್ಧಾಂತ. ನಿನ್ನ ಕೆಲಸವೇ ಇವತ್ತೋ ನಾಳೆಯೋ ಅನ್ನೋವಾಗ ನನ್ನ ಗೋಳು ಎಲ್ಲಿ ತೆಗೀಲಿ?"

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಆ ಕೈಯೇ ನನಗೆ ಜಡೆ ಹಾಕಿದ್ದು, ಪೆನ್ಸಿಲ್ ಚೂಪು ಮಾಡಿಕೊಟ್ಟದ್ದು, ಕಾಲೇಜಿಗೆ ಕಳಿಸಿದ್ದು. ನಾನು ಅತ್ತೆ. ಅಕ್ಕ, "ಅಳಬೇಡವೇ, ಪ್ರೂಫ್ ನೆನೆಯತ್ತೆ," ಎಂದಳು. ನಾನು ನಗಲಿಲ್ಲ.

ಈ ಪುಸ್ತಕದ ಹಿಂದಿನ ಪುಟ ತೆರೆಯಲು ಧೈರ್ಯವಿಲ್ಲ. ಉಪ್ಪಿನ ಡಬ್ಬದ ದಿನ ಅವಳು ಯಾವ ಕೈಯಲ್ಲಿ ಗುಡಿಸಿದಳು? ನೋಡಿರಲಿಲ್ಲ.

ಜೂನ್ ೨೧, ಶುಕ್ರವಾರ

ಮಾಮನನ್ನು ಮತ್ತೆ ಸರಿಯಾದ ದಿಕ್ಕಿಗೆ ತಿರುಗಿಸಲು ಹೇಳಿದೆ. "ಹೊರಗೆ ನೋಡ್ತಾನಲ್ಲೇ," ಎಂದು ಅಕ್ಷರಣ್ಣ ಗೊಣಗಿದ. ಅವನನ್ನು ತಿರುಗಿಸಬೇಡ, ಅಕ್ಷರಗಳನ್ನು ಈಚೆಗೆ ತಾ ಎಂದೆ. ತಂದ. ಅಚ್ಚಿಗೆ ಹೋಯಿತು. ಯಜಮಾನರು ಏನೋ ಒಳ್ಳೆಯ ಮಾತು ಹೇಳಿದರು, ಕಿವಿಗೆ ಬೀಳಲಿಲ್ಲ.

ಜೂನ್ ೨೪, ಸೋಮವಾರ

ರಜೆ ಹಾಕಿ ಅಕ್ಕನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಬೋರ್ಡು ಓದುತ್ತ ನಿಂತಳು. ನಾನೂ ಜೊತೆಗೆ ನಿಂತೆ. ಅವಳು ಪೂರ್ತಿ ಓದಿದ ಮೇಲೆ ಒಳಗೆ ಹೋದೆವು.

ಡಾಕ್ಟರು ಅವಳ ಹೆಬ್ಬೆರಳ ಬುಡ ಒತ್ತಿದರು. "ಎಷ್ಟು ದಿನದಿಂದ?"

"ಎರಡು ಮೂರು ತಿಂಗಳು..." ಎಂದ ಅಕ್ಕ ನನ್ನ ಮುಖ ನೋಡಿ, "ಎಂಟು," ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಕೂತ್ಕೊಳ್ಳಿ," ಎಂದರು ಅಷ್ಟೆ.

ಕತ್ತರಿ ಹಿಡಿದು ಹಿಡಿದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಸಣ್ಣ ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. "ಪೂರ್ತಿ ವಾಪಸ್ ಬರತ್ತೆ ಅಂತ ಮಾತು ಕೊಡಲ್ಲ. ಎಷ್ಟು ಬರತ್ತೋ ಅಷ್ಟನ್ನೂ ತರೋಣ," ಎಂದರು. ಅಕ್ಕ ತಲೆಯಾಡಿಸಿದಳು. ಒಪ್ಪಿಗೆ ಪತ್ರಕ್ಕೆ ಬಲಗೈಯಲ್ಲೇ ಸಹಿ ಮಾಡಿದಳು. ಆ ಕೈ ಸಹಿ ಮುಗಿಸುವವರೆಗೆ ನಾವು ಮೂವರೂ ಕಾದೆವು.

ಜುಲೈ ೧೩, ಶನಿವಾರ

ಶಸ್ತ್ರಚಿಕಿತ್ಸೆ ಆಯಿತು, ಅಕ್ಕನ ಕೈಯ ಹೊಲಿಗೆ ಬಿಚ್ಚಿದ್ದಾರೆ. ವ್ಯಾಯಾಮ ಏನು ಗೊತ್ತೇ? ಬಟ್ಟಲಿನಲ್ಲಿರುವ ಗುಂಡಿಗಳನ್ನು ಒಂದೊಂದಾಗಿ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುವುದು. "ಮೂವತ್ತು ವರ್ಷ ಮಾಡಿದ್ದನ್ನ ಈಗ ಔಷಧಿ ಅಂತ ಕೊಟ್ಟಿದಾರೆ," ಎಂದು ಅಕ್ಕ ನಗುತ್ತಾಳೆ. ಬೆಳಿಗ್ಗೆ ಹನ್ನೊಂದು ಎತ್ತಿದಳು, ಸಂಜೆ ಏಳು.

ಅಡುಗೆಮನೆಯ ಡಬ್ಬಗಳ ಮುಚ್ಚಳಗಳನ್ನೆಲ್ಲ ಸುಮ್ಮನೆ ಮೇಲಿಟ್ಟಿದ್ದೇನೆ, ತಿರುವಿಲ್ಲ. ಟೀ ಅರ್ಧರ್ಧವೇ ಸುರಿಯುತ್ತೇನೆ.

ಆಫೀಸಿನಲ್ಲಿ ಬ್ಯಾಂಕಿನದೊಂದು ಕೆಲಸ ಬಂದಿದೆ, ‘ಸಂತೃಪ್ತ ಗ್ರಾಹಕರು’ ಬೇಕಂತೆ. ಒಂದು ಫೋಟೋಕ್ಕೆ ಅರ್ಧ ಗಂಟೆ ಹಿಡಿಯುತ್ತಿದೆ. "ಮೊದಲು ಗಂಟೆಗೆ ನೂರು ನೋಡ್ತಿದ್ದೆ, ಏನಾಯ್ತೇ ನಿಂಗೆ?" ಎಂದ ಅಕ್ಷರಣ್ಣ. ಏನೂ ಆಗಿಲ್ಲ, ಕನ್ನಡಕ ಬದಲಿಸಬೇಕೇನೋ.

ಆಗಸ್ಟ್ ೨, ಶುಕ್ರವಾರ

ಡಾಕ್ಟರು ಫೋನ್ ಮಾಡಿದ್ದರು. "ಇವತ್ತು ಒಬ್ಬರು ಬಂದಿದ್ರು. ಬ್ರೋಷರ್ ಮೇಜಿನ ಮೇಲಿಟ್ಟು, ಇವರ ಥರಾನೇ ನಂದೂ ಅಂದ್ರು. ಎಷ್ಟು ದಿನ ಅಂದೆ. ಎರಡು ತಿಂಗಳು ಅಂದ್ರು. ಮುಟ್ಟಿ ನೋಡಿದೆ, ನಿಜಾನೇ ಹೇಳಿದ್ರು." ಕೊನೆಗೆ, "ನಾಲ್ಕು ತಿಂಗಳು ತಂದುಕೊಟ್ರಿ," ಎಂದು ಇಟ್ಟುಬಿಟ್ಟರು.

ಮೀಸೆ ಮಾಮ ಎಲ್ಲಿದ್ದಾನೋ. ಅವನಿಗೂ ಯಾರಾದರೂ ತೋರಿಸು ಎಂದರೋ ಇಲ್ಲವೋ.

ಆಗಸ್ಟ್ ೧೧, ಭಾನುವಾರ

ಬೆಳಿಗ್ಗೆ ಅಕ್ಕ ಕಿಟಕಿಯ ಬಳಿ ಕುಳಿತು, "ಆ ನೀಲಿ ಅಂಗಿ ತಾರೇ," ಎಂದಳು.

ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ. ಮುಂದಿನದಕ್ಕೆ ಕೈ ಹಾಕಬೇಡ ಎಂದಳು. ಎರಡು ಸಲ ಗುಂಡಿ ಬಿತ್ತು, ಮೂರು ಸಲ ಸೂಜಿ ಬಿತ್ತು, ಒಂದು ಸಲ ಬೆರಳಿಗೆ ಚುಚ್ಚಿತು. ಎತ್ತಿಕೊಡಲು ಬಗ್ಗಿದರೆ ಕಣ್ಣಿನಲ್ಲೇ ತಡೆದಳು. ಹಿಂದೆ ಮಾತಾಡುತ್ತ ಅರೆ ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ. ಇವತ್ತು ಇಪ್ಪತ್ತೈದು ನಿಮಿಷ, ಮಾತಿಲ್ಲ. ದಾರ ಹಲ್ಲಿನಲ್ಲಿ ಕಡಿದು ಅಂಗಿಯನ್ನು ನನ್ನ ಮೇಲೆ ಎಸೆದಳು.

ತೊಟ್ಟು ನೋಡಿದೆ. ಮೂರನೇ ಗುಂಡಿ ಸಾಲಿನಿಂದ ಸ್ವಲ್ಪ ಆಚೆ ನಿಂತಿದೆ, ಅಲ್ಲಿ ಬಟ್ಟೆ ನೆರಿಗೆ ಹಿಡಿಯುತ್ತದೆ.

ಅಕ್ಕ ತಲೆ ಓರೆ ಮಾಡಿ ನೋಡಿದಳು. "ಸೊಟ್ಟಗಾಗಿದೆ. ಬಿಚ್ಚಿ ಕೊಡು, ಇನ್ನೊಂದು ಸಲ ಹಾಕ್ತೀನಿ."

ಕೊಡಲಿಲ್ಲ. ನಾಳೆ ಆಫೀಸಿಗೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ.